ಆರಿದ್ದು ಆರಲ್ಲ, ಹದಿನಾರು

ನಾನು ಕಾಲಿಟ್ಟ ಕಡೆಯೆಲ್ಲ ಏನಾದರೊಂದು ಆಗುತ್ತದೆ. ಆಗುತ್ತದೆ ಅನ್ನುವುದು ಬೇರೆಯವರ ಮಾತು. ಯಾರೋ ಮಾಡುತ್ತಾರೆ ಅನ್ನುವುದು ನನ್ನ ಮಾತು. ಊರೂರಿನ ಕಚೇರಿಗಳ ಮುಂದೆ ಧರಣಿ ಕೂತು ಕೂತು ನಾನು ಕಲಿತ ಪಾಠ ಒಂದೇ: ಈ ಜಗತ್ತಿನಲ್ಲಿ ತಾನಾಗಿ ಕೆಡುವ ವಸ್ತು ಹಾಲೊಂದೇ, ಮಿಕ್ಕಿದ್ದನ್ನೆಲ್ಲ ಯಾರೋ ಕೆಡಿಸಿರುತ್ತಾರೆ. ಹಾಲಿನ ಮೇಲೂ ನನಗೆ ಪೂರ್ತಿ ನಂಬಿಕೆ ಇಲ್ಲ.

ನಮ್ಮ ಮಾವಿನ ತೋಟದವರ ಸಂಘಕ್ಕೆ ಕೋಲಾರದಲ್ಲಿ ದೊಡ್ಡ ಕಚೇರಿ, ಮಾಲೂರು, ಮುಳಬಾಗಿಲಲ್ಲಿ ಚಿಕ್ಕ ಕಚೇರಿ, ಹೋಳೂರಲ್ಲಿ ಒಂದು ಕೊಠಡಿ, ಶ್ರೀನಿವಾಸಪುರದಲ್ಲಿ ತೂಕದ ಅಂಗಳ. ತೋಟದಿಂದ ಟ್ರ್ಯಾಕ್ಟರ್ ಬಂದರೆ ಅಂಗಳದ ಕಿಟಕಿಯಲ್ಲಿ ಕಂಪ್ಯೂಟರಿನ ಟೋಕನ್ ಕೊಡಬೇಕು. ಟೋಕನ್ ಇದ್ದರೆ ಜ್ಯೂಸ್ ಫ್ಯಾಕ್ಟರಿಯವರು ಕಾಯಿ ಇಳಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಕಾಯಿ ಬಿಸಿಲಲ್ಲೇ ನಿಂತು, ತಳದ ಪದರ ಮೆತ್ತಗಾಗಿ, ಟ್ರ್ಯಾಕ್ಟರಿನ ಕೆಳಗೆ ರಸ ತೊಟ್ಟಿಕ್ಕುತ್ತದೆ. ಮೆತ್ತಗಾದ ಕಾಯಿ ಫ್ಯಾಕ್ಟರಿ ಗೇಟು ದಾಟುವುದಿಲ್ಲ.

ಈ ಸಲ ನಮ್ಮಕ್ಕನ ತೋತಾಪುರಿ ಮೊದಲ ಲೋಡು ಹೋದ ದಿನವೇ ಕಿಟಕಿಯಲ್ಲಿದ್ದವನು, ಸರ್ವರ್ ಇಲ್ಲ, ನಾಳೆ ಬನ್ನಿ ಅಂದ. ಇಲ್ಲ ಅಂದರೆ ಎಲ್ಲಿಗೆ ಹೋಗಿದೆ, ಮದುವೆಗಾ ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಕರೆಂಟ್ ಹೋಗಿತ್ತು ಅಂತ ಆಮೇಲೆ ಸಮಜಾಯಿಷಿ ಬಂತು. ನಾನು ನಂಬಲಿಲ್ಲ. ಎರಡನೇ ಲೋಡಿಗೆ ಮುಂಚೆಯೇ ಹೋಗಿ, ಎಚ್ಚರಿಕೆ ಇರಲಿ ಅಂತ ಮೈಕ್ ಹಾಕಿಸಿ ನಿಂತೆ. ಸರ್ವರ್ ಇಲ್ಲ. ಮೂರನೇ ಲೋಡಿಗೂ ಮೈಕ್ ಹಾಕಿಸಿದೆ. ಸರ್ವರ್ ಇಲ್ಲ. ನಾನು ಹೋಗದ ದಿನಗಳಲ್ಲಿ ಬೇರೆಯವರ ಲೋಡೆಲ್ಲ ನೀರು ಹರಿದ ಹಾಗೆ ಹರಿದುಹೋಗಿತ್ತು. ಇದಕ್ಕಿಂತ ಸಾಕ್ಷಿ ಏನು ಬೇಕು? ನನ್ನ ಮುಖ ಕಂಡೊಡನೆ ಒಳಗೆ ಯಾವನೋ ವೈರು ಎಳೆಯುತ್ತಿದ್ದಾನೆ, ಆ ಕಳ್ಳನ ಕೈ ಹಿಡಿದು ನಿಮಗೆ ತೋರಿಸುತ್ತೇನೆ ಅಂತ ಟ್ರ್ಯಾಕ್ಟರ್ ಮೇಲೆ ನಿಂತು ಕೂಗಿದೆ.

ಸಂಘದ ಕಾರ್ಯದರ್ಶಿ ಹೊರಗೆ ಬಂದರು. ಯಾವತ್ತೂ ದನಿ ಎತ್ತದ ಮನುಷ್ಯ. ಅಂಥವರ ಮೇಲೆ ನನಗೆ ಅನುಮಾನ ಜಾಸ್ತಿ. ಎಲ್ಲ ಕಚೇರಿಗಳ ಬಾಗಿಲೂ ತೆಗೆಸಿಡುತ್ತೇನೆ, ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತೆ ನೀನೇ ಹುಡುಕು ಅಂದರು. ನಿಮ್ಮಕ್ಕನ ಕೊನೇ ಲೋಡು ಬರುವುದರೊಳಗೆ ಕಳ್ಳ ಸಿಕ್ಕರೆ ಇದೇ ಅಂಗಳದಲ್ಲಿ, ಇದೇ ಮೈಕಿನಲ್ಲಿ ನಾನು ಕ್ಷಮೆ ಕೇಳುತ್ತೇನೆ. ಸಿಗದಿದ್ದರೆ ನೀನು ಕೇಳಬೇಕು ಅಂತ ಪಂಥ ಕಟ್ಟಿದರು.

ಒಪ್ಪಿದೆ. ಕ್ಷಮೆ ಅನ್ನುವ ಪದ ನನ್ನ ಬಾಯಲ್ಲಿ ಇಲ್ಲಿಯವರೆಗೆ ಬಂದಿಲ್ಲ. ಬೇರೆಯವರಿಂದ ಕೇಳಿಸಿದ್ದೇನೆ ಅಷ್ಟೆ. ಅಕ್ಕ ಮಾತ್ರ, ಲೇ ತಮ್ಮ, ನಿನ್ನ ಮಾನ ಏನಾದರೂ ಆಗಲಿ, ನನ್ನ ಕೊನೇ ಲೋಡು ಇಳಿದರೆ ಸಾಕು ಅಂದಳು.

ಕೆಲಸ ಸರಳ. ಒಂದು ಕಚೇರಿಯ ವೈರುಗಳೆಲ್ಲ ಬಂದು ಸೇರುವ ಪೆಟ್ಟಿಗೆ ಒಂದಿರುತ್ತದೆ. ಅದಕ್ಕೆ ಸ್ವಿಚ್ ಅನ್ನುತ್ತಾರೆ. ಅದರ ಒಂದೊಂದು ತೂತಿಗೆ ಪೋರ್ಟ್ ಅಂತ ಹೆಸರು. ಪೋರ್ಟಿಗೊಂದು ನಂಬರು, ಒಂದು ಪುಟ್ಟ ದೀಪ. ಒಬ್ಬ ಕಂಪ್ಯೂಟರ್ ಹತ್ತಿರ ವೈರು ಕೀಳಬೇಕು, ಇನ್ನೊಬ್ಬ ಪೆಟ್ಟಿಗೆ ಹತ್ತಿರ ನಿಂತು ಯಾವ ದೀಪ ಆರಿತು ಅಂತ ನೋಡಿ ಹೇಳಬೇಕು. ಇದನ್ನು ನನಗೆ ಯಾವ ಮೇಷ್ಟರೂ ಕಲಿಸಲಿಲ್ಲ. ಮೊಬೈಲಲ್ಲಿ ನೋಡಿ ಕಲಿತೆ, ಅದನ್ನೂ ಅನುಮಾನದಿಂದಲೇ ನೋಡಿದೆ.

ಇನ್ನೊಬ್ಬ ಬೇಕಲ್ಲ. ನನ್ನ ಎಲ್ಲ ಧರಣಿಗೂ ಮೈಕ್ ಸೆಟ್ ತರುವ ಮೈಕಣ್ಣನನ್ನು ಜೊತೆ ಮಾಡಿಕೊಂಡೆ. ಆಂಧ್ರದ ಗಡಿಯ ಕಡೆಯವನು, ನನಗಿಂತ ಹಿರಿಯ, ನನ್ನನ್ನು ಲೀಡ್ರೇ ಅಂತ ಕರೆಯುತ್ತಾನೆ. ಈ ಭೂಮಿಯ ಮೇಲೆ ನಾನು ಅನುಮಾನ ಪಡದ ಮನುಷ್ಯ ಅವನೊಬ್ಬನೇ.

೧. ಕೋಲಾರ: ನಾಳೆ ಬನ್ನಿ

ದೊಡ್ಡ ಕಚೇರಿಯಲ್ಲಿ ಸ್ವಿಚ್ ಎಲ್ಲಿದೆ ಅಂತ ಕೇಳಿದೆ. ಗುಮಾಸ್ತ ತಲೆ ಎತ್ತದೆ ಗೋಡೆ ತೋರಿಸಿದ. ಅದು ಫ್ಯಾನಿನದು. ಇದಲ್ಲ, ವೈರು ಹೋಗುವ ಸ್ವಿಚ್ ಅಂದೆ. ವೈರು ಹೋಗದ ಸ್ವಿಚ್ ಯಾವುದು ಸಾರ್ ಅಂತ ನನ್ನನ್ನೇ ಕೇಳಿದ. ಬೇಕಂತಲೇ ಸುತ್ತಿಸುತ್ತಿದ್ದಾನೆ ಅನ್ನಿಸಿತು.

ಕೊನೆಗೆ ಅದು ಒಳಕೋಣೆಯ ಕಬ್ಬಿಣದ ಬೀರುವಿನಲ್ಲಿದೆ ಅಂತ ಗೊತ್ತಾಯಿತು. ಬೀರುವಿಗೆ ಬೀಗ. ಕೀಲಿ ಯಾರ ಹತ್ತಿರ ಅಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕಿವಿ ನಿಮಿರಿತು. ಮುಚ್ಚಿಡುವಂಥದ್ದು ಇಲ್ಲದಿದ್ದರೆ ಬೀಗ ಯಾಕೆ? ಬೀಗ ಒಡೆಸುತ್ತೇನೆ, ಪೇಪರಿನವರನ್ನು ಕರೆಸುತ್ತೇನೆ ಅಂದಮೇಲೆ ಕೀಲಿ ಅದೇ ಗುಮಾಸ್ತನ ಜೇಬಿನಿಂದ ಹೊರಗೆ ಬಂತು.

ಬಾಗಿಲು ತೆಗೆದರೆ ಒಳಗೆ ಹುಲ್ಲು. ಒಣಗಿದ ಭತ್ತದ ಹುಲ್ಲು, ಅಂದವಾಗಿ ಹಾಸಿದ್ದು. ಮೈಕಣ್ಣ ಒಂದು ಹೆಜ್ಜೆ ಹಿಂದೆ ಸರಿದು, ಹಾವಿರಬಹುದು ಲೀಡ್ರೇ ಅಂದ. ನಾನು ಹುಲ್ಲು ಸರಿಸಿದೆ. ಸಾಲಾಗಿ ಬಾದಾಮಿ ಮಾವಿನಕಾಯಿ. ಅದರ ಕೆಳಗೆ ಬೆಚ್ಚಗೆ ಮಲಗಿತ್ತು ಸ್ವಿಚ್. ಪೆಟ್ಟಿಗೆ ಹಗಲೂ ರಾತ್ರಿ ಬಿಸಿಯಾಗಿರುತ್ತೆ, ಕಾಯಿ ಅಡೆ ಹಾಕಿ ಹಣ್ಣು ಮಾಡುವುದಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ಗುಮಾಸ್ತ ಒಪ್ಪಿಕೊಂಡ.

ರೈತರ ಕಾಯಿ ಅಲ್ಲಿ ಬಿಸಿಲಲ್ಲಿ ಕೊಳೆಯುತ್ತಿದೆ, ನಿಮ್ಮದು ಇಲ್ಲಿ ಸ್ವಿಚ್ಚಿನ ಕಾವಿನಲ್ಲಿ ಹಣ್ಣಾಗುತ್ತಿದೆ, ನಾಚಿಕೆ ಆಗಲ್ಲವಾ ಅಂತ ರೇಗಿದೆ. ಇವನ್ನೆಲ್ಲ ತೆಗೆಯಿರಿ, ನಾನು ವೈರು ನೋಡಬೇಕು ಅಂದೆ. ಅವನು ಒಂದು ಕಾಯಿ ಎತ್ತಿಕೊಂಡು, ತೊಟ್ಟಿನ ಹತ್ತಿರ ಮೂಸಿ, ಹೆಬ್ಬೆರಳಲ್ಲಿ ಒತ್ತಿ ನೋಡಿದ.

“ಇನ್ನೂ ಆಗಿಲ್ಲ ಸಾರ್. ನಾಳೆ ಬನ್ನಿ.”

೨. ಮಾಲೂರು: ನಗೋ ನಂಬರು

ಮಾಲೂರಿನಲ್ಲಿ ಸ್ವಿಚ್ ಮಾಳಿಗೆ ಮೇಲೆ, ಕಂಪ್ಯೂಟರುಗಳು ಕೆಳಗೆ. ಮೈಕಣ್ಣನನ್ನು ಮೇಲೆ ನಿಲ್ಲಿಸಿದೆ. ಅವನ ಗಂಟಲಿಗೆ ಮೈಕ್ ಬೇಕಾಗಿಲ್ಲ. ನಾನು ಕೆಳಗೆ ಒಂದು ವೈರು ಕಿತ್ತು, ಆರಿತಾ ಅಂತ ಕೂಗಿದೆ.

“ಆರು” ಅಂದ.

“ಆರಿತಾ ಅಂತ ಕೇಳ್ತಿರೋದು.”

“ಆರು ಅಂತ ಹೇಳ್ತಿರೋದು.”

“ಆರು ಆರಿತೋ ಆರಲಿಲ್ವೋ?”

“ಆರೇ ಲೀಡ್ರೇ ಆರಿದ್ದು. ಐದು ಆರಿಲ್ಲ.”

ಇಷ್ಟಾಗುವ ಹೊತ್ತಿಗೆ ಕಚೇರಿಯವರೆಲ್ಲ ಕೆಲಸ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಒಬ್ಬ ಅಟೆಂಡರ್ ಮಾತ್ರ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ನಿದ್ದೆ ಮಾಡುತ್ತಿದ್ದ. ನಾನು ಮುಂದಿನ ವೈರು ಕಿತ್ತೆ. ಮೇಲಿಂದ ಮೈಕಣ್ಣ ಗುಡುಗಿದ: “ಏಳು!”

ಅಟೆಂಡರ್ ಧಡಕ್ಕನೆ ಎದ್ದು ನಿಂತು ಸೆಲ್ಯೂಟ್ ಹೊಡೆದ. ಅವನು ಎದ್ದದ್ದು ನೋಡಿ, ಅಧ್ಯಕ್ಷರು ಬಂದರು ಅಂತ ಕ್ಯಾಷಿಯರ್ ಎದ್ದ. ಕ್ಯಾಷಿಯರ್ ಎದ್ದದ್ದು ನೋಡಿ ಮಿಕ್ಕವರೂ ಎದ್ದರು. ಎದುರಿಗೆ ವೈರು ಹಿಡಿದುಕೊಂಡು ನಾನು. ಅಷ್ಟೊಂದು ಮರ್ಯಾದೆ ನನಗೆ ಯಾವ ಕಚೇರಿಯಲ್ಲೂ ಸಿಕ್ಕಿರಲಿಲ್ಲ, ಹಾಗಾಗಿ ಅದರಲ್ಲೂ ಏನೋ ಇದೆ ಅನ್ನಿಸಿತು.

ಮುಂದೆ ಒಂದು ವೈರಿಗೆ ಮೇಲಿಂದ “ಹತ್ತು” ಅಂತ ಬಂತು. ಟ್ಯೂಬ್‌ಲೈಟ್ ಹಾಕಿ ಆಗಷ್ಟೇ ಏಣಿಯಿಂದ ಇಳಿದಿದ್ದವನು ಮತ್ತೆ ಹತ್ತಿದ. ಹತ್ತಿದವನು ಅಲ್ಲೇ ನಿಂತು, ಈಗೇನು ಮಾಡಲಿ ಅಂತ ನನ್ನನ್ನು ಕೇಳಿದ.

ಹೀಗಾದರೆ ಆಗಲ್ಲ, ತೆಲುಗಿನಲ್ಲಿ ಎಣಿಸು ಮೈಕಣ್ಣ ಅಂದೆ. ಅವನಿಗೆ ಅದೇ ಸಲೀಸು. ಏಳನೇ ವೈರನ್ನು ಖಚಿತ ಮಾಡಿಕೊಳ್ಳೋಣ ಅಂತ ಇನ್ನೊಂದು ಸಲ ಕಿತ್ತೆ. ಅದು ಮೂಲೆಯಲ್ಲಿ ಕೂತಿದ್ದ ಮೇಡಮ್ಮನ ಕಂಪ್ಯೂಟರಿನದು. ಮೇಲಿಂದ ಅಷ್ಟೇ ಗಡಸಾಗಿ ಬಂತು: “ಏಡು!”

ತೆಲುಗಿನಲ್ಲಿ ಏಡು ಅಂದರೆ ಏಳು. ಅಳು ಅಂತಲೂ ಹೌದು. ನಮ್ಮ ಜಿಲ್ಲೆಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಮೇಡಮ್ಮು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕನ್ನಡದಲ್ಲಿ ಏಳು ಅಂತೀರಿ, ತೆಲುಗಲ್ಲಿ ಅಳು ಅಂತೀರಿ. ನಮ್ಮ ಪಾಡಿಗೆ ಕೂತ್ಕೊಂಡು ನಗೋದಕ್ಕೆ ಯಾವ ಭಾಷೇಲೂ ಒಂದು ನಂಬರ್ ಇಲ್ವೇನ್ರೀ?”

೩. ಮುಳಬಾಗಿಲು: ಮುಟ್ಟಬೇಡಿ

ಮುಳಬಾಗಿಲ ಕಚೇರಿಯವರು ವೈರುಗಳಿಗೆಲ್ಲ ಚೀಟಿ ಅಂಟಿಸಿದ್ದೇವೆ, ಹುಡುಕುವುದೇ ಬೇಡ ಅಂತ ಹೆಮ್ಮೆಯಿಂದ ಕರೆದುಕೊಂಡು ಹೋದರು. ಒಂದರ ಮೇಲೆ “ಸಾಹೇಬರು” ಅಂತಿತ್ತು. ಇನ್ನೊಂದರ ಮೇಲೆ “ಹಳೇ ಸಾಹೇಬರು”. ಮತ್ತೊಂದರ ಮೇಲೆ “ಹಳೇ ಸಾಹೇಬರ ಪಕ್ಕ”. ಸಾಹೇಬರು ಯಾವ ಕುರ್ಚಿಯಲ್ಲಿ ಕೂರುತ್ತಾರೆ ಅಂತ ಕೇಳಿದರೆ ಅವರು ವರ್ಗವಾಗಿ ಹೋಗಿದ್ದರು. ಅಂದರೆ ಈಗ ಸಾಹೇಬರೇ ಹಳೇ ಸಾಹೇಬರು. ಹಳೇ ಸಾಹೇಬರು ರಿಟೈರ್ಡು.

ಕೊನೆಯ ವೈರಿನ ಚೀಟಿ ನೋಡಿ ನನ್ನ ರಕ್ತ ಬಿಸಿಯಾಯಿತು. ಕೆಂಪು ಅಕ್ಷರದಲ್ಲಿ “ಮುಟ್ಟಬೇಡಿ” ಅಂತಿತ್ತು.

ಇದು ಎಲ್ಲಿಗೆ ಹೋಗುತ್ತೆ ಅಂದೆ. ಯಾರಿಗೂ ಗೊತ್ತಿಲ್ಲ. ಯಾರು ಬರೆದದ್ದು ಅಂದೆ. ಹಳೇ ಸಾಹೇಬರ ಕಾಲದ್ದು. ಅದರ ತುದಿ ಕಿಟಕಿಯಿಂದ ಹೊರಗೆ ಹೋಗಿ, ಗೋಡೆ ಹತ್ತಿ, ಹಿಂದಿನ ಮನೆಯ ತಾರಸಿಯ ಕಡೆ ಮಾಯವಾಗಿತ್ತು. ಕಳ್ಳದಾರಿ ಸಿಕ್ಕಿತು ಕಣೋ ಮೈಕಣ್ಣ ಅಂದೆ. ಸಂಘದ ಲೆಕ್ಕವೆಲ್ಲ ಈ ವೈರಲ್ಲೇ ಹರಿದು ಯಾರದೋ ಮನೆ ಸೇರುತ್ತಿದೆ. ತುದಿ ನೋಡಿಯೇ ಬಿಡೋಣ ಅಂತ ಕಿಟಕಿಯಲ್ಲಿ ನಿಂತು, ಕಾಲು ಗೋಡೆಗೆ ಕೊಟ್ಟು, ಎರಡು ಕೈಯಲ್ಲೂ ಜಗ್ಗಿದೆ.

ಆ ಕಡೆ ಏನೋ ಕಿತ್ತುಬಂತು. ವೈರು ಸರಸರ ಒಳಗೆ ಬಂತು. ಅದರ ಜೊತೆ ಒಂದು ಮೊಳೆ, ಒಂದು ಲಂಗ, ಎರಡು ಕ್ಲಿಪ್ಪು, ಒಂದು ಹಸಿರು ಸೀರೆಯ ಅರ್ಧ. ಹಿಂದಿನ ಮನೆಯ ಅಜ್ಜಿ ಬಟ್ಟೆ ಒಣಗಹಾಕುವ ತಂತಿ ಅದು. ಯಾವ ಕಾಲದಲ್ಲೋ ಉಳಿದ ವೈರನ್ನು ಯಾರೋ ಕಿಟಕಿಯಿಂದ ಆಚೆ ಎಸೆದಿದ್ದರು, ಅಜ್ಜಿ ಅದನ್ನು ಎಳೆದು ಮೊಳೆಗೆ ಕಟ್ಟಿಕೊಂಡಿದ್ದಳು. ಬಟ್ಟೆ ಬೀಳಿಸಬೇಡಿ ಅಂತ ಅವಳು ಹೇಳಿದ್ದಕ್ಕೇ ಆ ಚೀಟಿ.

ಹರಿದ ಸೀರೆಯ ಇನ್ನರ್ಧ ಹಿಡಿದುಕೊಂಡೇ ಅಜ್ಜಿ ಕಚೇರಿಗೆ ಬಂದಳು. ಹಿಂದೆ ಬೀದಿಯ ಜನ. ನಾನು ಇಷ್ಟು ದಿನ ಹೇಳಿದರೂ ಯಾರೂ ನಂಬದಿದ್ದ ಮಾತನ್ನು ಅವಳು ಒಂದೇ ಉಸಿರಿನಲ್ಲಿ ಇಡೀ ಬೀದಿಗೆ ನಂಬಿಸಿದಳು.

“ವೈರು ಎಳೆಯೋ ಕಳ್ಳ ಇವನೇ ಕಣ್ರಪ್ಪಾ. ಕೈಯಲ್ಲೇ ಐತೆ ನೋಡ್ರಿ.”

೪. ಹೋಳೂರು: ದೀಪಾವಳಿ

ಹೋಳೂರು ಕೊಠಡಿಯದು ಚಿಕ್ಕ ಕತೆ. ಅಲ್ಲಿನ ಸ್ವಿಚ್ಚಿನಲ್ಲಿ ಎಲ್ಲ ದೀಪಗಳೂ ಪಟಪಟ ಮಿನುಗುತ್ತಿದ್ದವು. ಇಷ್ಟು ಭರಾಟೆ ಕೋಲಾರದಲ್ಲೂ ಇರಲಿಲ್ಲ. ಕಂಪ್ಯೂಟರುಗಳು ಎಲ್ಲಿ ಅಂದರೆ ಒಂದೂ ಇಲ್ಲ. ಬಗ್ಗಿ ನೋಡಿದೆ. ಒಂದನೇ ತೂತಿನ ವೈರು ಎರಡಕ್ಕೆ, ಮೂರರದು ನಾಲ್ಕಕ್ಕೆ, ಹೀಗೆ ಅದರ ಬಾಲವನ್ನು ಅದರ ಬಾಯಿಗೇ ಸಿಕ್ಕಿಸಿದ್ದರು. ಹಾಗೆ ಮಾಡಿದರೆ ಒಳಗೆ ಸುದ್ದಿ ಸುತ್ತಿದ್ದೇ ಸುತ್ತಿ ದೀಪಕ್ಕೆ ಹುಚ್ಚು ಹಿಡಿಯುತ್ತದೆ. ಇದು ಬೇಕಂತಲೇ ಮಾಡಿದ್ದು ಅಂತ ಅಲ್ಲಿದ್ದವನ ಮೇಲೆ ಹಾರಿದೆ.

ಹೌದು ಬೇಕಂತಲೇ, ಅಂತ ಅವನು ಶಾಂತವಾಗಿ ಒಪ್ಪಿಕೊಂಡ. ತನಿಖೆಗೆ ಬರುವ ಸಾಹೇಬರು ಬಾಗಿಲಲ್ಲೇ ನಿಂತು ಲೈಟು ಉರೀತಿದೆಯಾ ಅಂತ ಕೇಳಿ ಹೋಗುತ್ತಾರಂತೆ. ಕಂಪ್ಯೂಟರ್ ಇದೆಯಾ ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲವಂತೆ. ನೀವೇ ಮೊದಲು, ನಿಮಗೇನು ಅಂಥ ಅನುಮಾನ ಅಂದ.

೫. ಶ್ರೀನಿವಾಸಪುರ: ಕೈ

ಅಕ್ಕನ ಕೊನೇ ಲೋಡಿನ ದಿನ ಬಂತು. ತೂಕದ ಅಂಗಳದಲ್ಲಿ ಅವಳ ಟ್ರ್ಯಾಕ್ಟರ್ ಕಿಟಕಿಯ ಮುಂದೆ ಮೊದಲನೆಯದಾಗಿ ನಿಂತಿತ್ತು. ಹಿಂದೆ ಗೇಟಿನ ಆಚೆವರೆಗೂ ಸಾಲು. ಬಿಸಿಲು ಏರುತ್ತಿತ್ತು. ನನಗಿದ್ದದ್ದು ಇದೊಂದೇ ಸ್ವಿಚ್, ಇದೊಂದೇ ಹೊತ್ತು.

ಯಾರು ಸೋತರೂ ಮೈಕಿನಲ್ಲಿ ಕ್ಷಮೆ ಕೇಳಬೇಕಲ್ಲ, ಹೋಗಿ ಮೈಕ್ ರೆಡಿ ಮಾಡು ಅಂತ ಮೈಕಣ್ಣನಿಗೆ ಹೇಳಿ ನಾನು ಒಳಗೆ ಹೋದೆ. ಇಷ್ಟು ಧರಣಿ ಮಾಡಿದರೂ ಆ ಕೋಣೆಯೊಳಗೆ ನಾನಾಗಲಿ ಮೈಕಣ್ಣನಾಗಲಿ ಕಾಲಿಟ್ಟದ್ದಿಲ್ಲ. ಒಂದು ಬೀರು, ಬೀರುವಿನ ಪಕ್ಕ ಮೇಜು, ಮೇಜಿನ ಮೇಲೆ ಹದಿನಾರು ಪೋರ್ಟಿನ ಪುಟ್ಟ ಸ್ವಿಚ್. ಬೀರುವಿನ ಹಿಂದೆ ವೆರಾಂಡಕ್ಕೆ ತೆರೆಯುವ ಕಂಬಿ ಕಿಟಕಿ.

ಕಾರ್ಯದರ್ಶಿ ಬಂದು ನಿಂತರು. ಅಕ್ಕ ಬಾಗಿಲಲ್ಲಿ ನಿಂತಳು. ಟೋಕನ್ ಕಿಟಕಿಯವನನ್ನು ಓಡಾಡಿಸಿ ಒಂದೊಂದೇ ವೈರು ಕೀಳಿಸಿದೆ. ಒಂದನೇದು ತೂಕದ ಯಂತ್ರ. ಎರಡನೇದು ಟೋಕನ್ ಮೆಷೀನು. ಮೂರನೇದು ಕ್ಯಾಮೆರಾ. ಹೀಗೆ ಹದಿನಾರಕ್ಕೂ ಲೆಕ್ಕ ಸಿಕ್ಕಿತು. ಹೆಚ್ಚಿನ ವೈರಿಲ್ಲ, ಕಳ್ಳ ವೈರಿಲ್ಲ, ಒಂದು ಲಂಗವೂ ಇಲ್ಲ. ಎಲ್ಲ ದೀಪಗಳೂ ಒಳ್ಳೆ ಮಕ್ಕಳ ಹಾಗೆ ಉರಿಯುತ್ತಿದ್ದವು.

ಮುಗೀತಾ ಅಂತ ಕಾರ್ಯದರ್ಶಿ ಕೇಳಿದರು. ಸರ್ವರ್ ಇದೆ, ಟೋಕನ್ ಕೊಡಪ್ಪಾ ಅಂತ ಅಕ್ಕ ಕಿಟಕಿಯವನಿಗೆ ಹೇಳಿದಳು. ಅವನು ಹೋಗಿ ಕಂಪ್ಯೂಟರ್ ಮುಂದೆ ಕೂತ.

ಆಗ ನೋಡಿದೆ. ಬೀರುವಿನ ಹಿಂದಿನ ಕಿಟಕಿ ಕಂಬಿಯೊಳಗಿಂದ ಒಂದು ಕೈ ಒಳಗೆ ಬಂತು. ಅವಸರವಿಲ್ಲದ, ದಾರಿ ಬಲ್ಲ ಕೈ. ಗೋಡೆ ತಡವಿಕೊಂಡು ಕೆಳಗಿಳಿದು, ಅಲ್ಲಿದ್ದ ಒಂದು ಕಪ್ಪು ಪ್ಲಗ್ಗನ್ನು ಮೆತ್ತಗೆ ಕಿತ್ತಿತು. ಹಸಿರು ದೀಪಗಳೆಲ್ಲ ಒಟ್ಟಿಗೆ ಆರಿದವು. ಕಿಟಕಿಯವನು ಅಭ್ಯಾಸದಂತೆ, ಸರ್ವರ್ ಇಲ್ಲ, ನಾಳೆ ಬನ್ನಿ ಅಂದ.

ನಾನು ಮೇಜು ಹಾರಿ ಆ ಮಣಿಕಟ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ. ಸಿಕ್ಕಿದ ಕಳ್ಳ, ಬನ್ನಿ ಎಲ್ಲರೂ, ಕೈ ಹಿಡಿದು ತೋರಿಸುತ್ತೇನೆ ಅಂದಿದ್ದೆನಲ್ಲ, ಇದೋ ಕೈ ಅಂತ ಕೂಗಿದೆ. ಕಾರ್ಯದರ್ಶಿ ಮೊದಲ ಸಲ ಬೆವರಿದರು. ಟ್ರ್ಯಾಕ್ಟರಿನವರೆಲ್ಲ ಇಳಿದು ಓಡಿಬಂದರು. ಕೈ ಬಿಡಿಸಿಕೊಳ್ಳಲು ನೋಡಿತು, ನಾನು ಬಿಡಲಿಲ್ಲ.

ಕಿಟಕಿಯಾಚೆಯಿಂದ ನೊಂದ ದನಿ ಬಂತು.

“ಲೀಡ್ರೇ, ನಾನು. ಕೈ ಬಿಡಿ, ಮೈಕಿಗೆ ಪಾಯಿಂಟು.”

ಮೈಕಣ್ಣನೇ ವಿವರಿಸಿದ. ವೆರಾಂಡದಲ್ಲಿ ಕರೆಂಟಿನ ಪಾಯಿಂಟ್ ಇಲ್ಲ, ಕೈಗೆ ಸಿಗುವುದು ಇದೊಂದೇ. ಯಾರದೋ ಮೊಬೈಲ್ ಚಾರ್ಜರ್ ಯಾವಾಗಲೂ ಹಾಕಿರುತ್ತಾರೆ, ಅದನ್ನು ತೆಗೆದು ನಮ್ಮದು ಹಾಕುತ್ತಿದ್ದೆ. ಧರಣಿ ಮುಗಿದಮೇಲೆ ನಿಯತ್ತಾಗಿ ಅವರದನ್ನು ಅವರಿಗೇ ಹಾಕಿ ಹೋಗುತ್ತಿದ್ದೆ. ಬೇರೆಯವರ ವಸ್ತು ನಮಗ್ಯಾಕೆ ಲೀಡ್ರೇ ಅಂದ.

ಕಾರ್ಯದರ್ಶಿ ಸ್ವಿಚ್ಚಿನ ಕಡೆ ಬಗ್ಗಿ ನೋಡಿ, ಅದೇ ತಣ್ಣಗಿನ ದನಿಯಲ್ಲಿ ನನ್ನನ್ನು ಕೇಳಿದರು: “ಯಾವುದು ಆರಿತು? ಆರಾ?”

ಹೊರಗಿನಿಂದ ಮೈಕಣ್ಣನೇ ಕಂಬಿಗೆ ಮುಖ ಒತ್ತಿ ನೋಡಿ ಹೇಳಿದ: “ಆರಲ್ಲ ಸಾರ್. ಹದಿನಾರೂ.”

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟು ಬಂದರೆ ಅವಳಿಗೆ ಮೊದಲು ತೆಲುಗೇ ಬರುವುದು. “ಏಮಿರಾ ಇದಿ? ಏನೋ ಇದು? ಮೂರು ಲೋಡಿಂದ ನನ್ನ ಕಾಯಿ ಕೊಳೆಸಿದ್ದು ನೀನೇನೋ?”

ಮೊದಲನೇ ಲೋಡಿಗೆ ನಿಜವಾಗಲೂ ಕರೆಂಟ್ ಹೋಗಿತ್ತು, ಎರಡು ಲೋಡು ಮಾತ್ರ ಅಂತ ತಿದ್ದಿದೆ. ಸತ್ಯ ಸತ್ಯವೇ.

ಕಾರ್ಯದರ್ಶಿ ಹೊರಗೆ ಹೋಗಿ, ಮೈಕನ್ನು ತಾವೇ ಎತ್ತಿಕೊಂಡು ಬಂದು ನನ್ನ ಕೈಗೆ ಕೊಟ್ಟರು. ಮಾತಾಡು ಅಂದರು. ಮೈಕಣ್ಣ ಮೈಕಿನ ಪ್ಲಗ್ಗು ಹಿಡಿದು ಕಿಟಕಿಯಲ್ಲಿ ಸಿದ್ಧನಾಗಿದ್ದ. ನಾನು ಮೈಕನ್ನು ನೋಡಿದೆ, ಸ್ವಿಚ್ಚನ್ನು ನೋಡಿದೆ, ಅಕ್ಕನ ಟ್ರ್ಯಾಕ್ಟರನ್ನು ನೋಡಿದೆ. ಇಷ್ಟು ವರ್ಷದ ಹೋರಾಟ ಆ ಕ್ಷಣದಲ್ಲಿ ನನ್ನ ಕೈ ಬಿಡಲಿಲ್ಲ.

“ಕ್ಷಮೆ ಕೇಳೋಕೆ ನಾನು ತಯಾರು. ಆದ್ರೆ ಮೈಕ್ ಹಾಕಿದ್ರೆ ಸರ್ವರ್ ಹೋಗುತ್ತೆ. ಸರ್ವರ್ ಹೋದ್ರೆ ರೈತರ ಕಾಯಿ ಕೊಳೆಯುತ್ತೆ. ನನ್ನೊಬ್ಬನ ಕ್ಷಮೆಗೋಸ್ಕರ ಇಷ್ಟು ಜನ ಸಾಯಬೇಕಾ?”

ಮೈಕಿಲ್ಲದೆ ಕೇಳು, ನಿನ್ನ ದನಿ ಕೋಲಾರಕ್ಕೇ ಕೇಳುತ್ತೆ ಅಂದಳು ಅಕ್ಕ. ಮೈಕಿನಲ್ಲೇ ಅಂತ ಮಾತಾಗಿದೆ ಅಕ್ಕ, ನಾನು ಕೊಟ್ಟ ಮಾತಿಗೆ ತಪ್ಪುವವನಲ್ಲ ಅಂದೆ. ಅಷ್ಟರಲ್ಲಿ ಸಾಲಿನಲ್ಲಿದ್ದ ಟ್ರ್ಯಾಕ್ಟರಿನವರೆಲ್ಲ ಒಂದಾಗಿ, ಮೊದಲು ಟೋಕನ್ನು, ಇವನ ಕ್ಷಮೆ ಯಾವನಿಗೆ ಬೇಕು ಅಂತ ಗಲಾಟೆ ಎಬ್ಬಿಸಿದರು. ಕಪ್ಪು ಪ್ಲಗ್ಗು ಮತ್ತೆ ಗೋಡೆ ಸೇರಿತು. ಹದಿನಾರೂ ಹತ್ತಿಕೊಂಡವು. ಅಕ್ಕನ ಟೋಕನ್ ಬಂತು, ಟ್ರ್ಯಾಕ್ಟರ್ ಹೊರಟಿತು, ಒಂದು ತೊಟ್ಟು ರಸವೂ ನೆಲಕ್ಕೆ ಬೀಳಲಿಲ್ಲ. ಹೋಗುವಾಗ ಅವಳು ಹಿಂತಿರುಗಿ ನೋಡಿ ನಕ್ಕಳೋ ಹಲ್ಲು ಕಡಿದಳೋ ಗೊತ್ತಾಗಲಿಲ್ಲ.

ವೆರಾಂಡಕ್ಕೆ ಇನ್ನೊಂದು ಪಾಯಿಂಟ್ ಹಾಕಿಸದೇ ಇದ್ದದ್ದೇ ಇಷ್ಟಕ್ಕೆಲ್ಲ ಮೂಲ, ಇದು ಸಂಘದ ತಪ್ಪು ಅಂತ ಅಲ್ಲೇ ಒಂದು ಬೇಡಿಕೆ ಇಟ್ಟು ಬಂದೆ. ಮಾರನೇ ದಿನ ಬೆಳಗ್ಗೆಯೇ ಹಾಕಿಸಿಬಿಟ್ಟರು. ನಾನಿಟ್ಟ ಬೇಡಿಕೆಗಳಲ್ಲಿ ಒಂದೇ ದಿನದಲ್ಲಿ ಈಡೇರಿದ್ದು ಇದೊಂದೇ. ಆಗಲೇ ಅನುಮಾನ ಬಂದು ಹೋಗಿ ನೋಡಿದೆ. ಹೊಸ ಪಾಯಿಂಟು, ಬಿಳಿ ಪ್ಲೇಟು, ಅದರ ಮೇಲೆ ಕಾರ್ಯದರ್ಶಿ ತಮ್ಮ ಕೈಯಾರೆ ಬರೆದು ಅಂಟಿಸಿದ ಚೀಟಿ: “ಕ್ಷಮೆಗೆ ಮಾತ್ರ.”

ನಾನಿನ್ನೂ ಅದಕ್ಕೆ ಮೈಕ್ ಹಾಕಿಸಿಲ್ಲ. ಅದರಲ್ಲಿ ಕರೆಂಟ್ ಇದೆಯೋ ಇಲ್ಲವೋ ಅಂತ ನನಗೆ ಅನುಮಾನ.